ಬಾಟಲಿಯ ಮೇಲಿನ ಗೆರೆ

ನಾನು ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಇಪ್ಪತ್ತಾರು ವರ್ಷ ಫೌಜಿನಲ್ಲಿದ್ದೂ ಮುಟ್ಟಲಿಲ್ಲ. ಈ ಮಾತನ್ನು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗ ಮೊದಲಿಗೇ ಹೇಳುತ್ತಿರುವ ಕಾರಣ ಬೇರೆ. ನನ್ನ ತಮ್ಮನಿಗೆ ಕುಡಿಯುವುದನ್ನು ಕಲಿಸಿದವನು ನಾನೇ.

ನಮ್ಮ ಊರು ಮೂಡಲಗಿ. ಸುಭೇದಾರನಾಗಿ ನಿವೃತ್ತನಾಗಿ ಬಂದೆ. ನಾಲ್ಕೂವರೆಗೆ ಏಳುವುದು, ಸ್ನಾನ, ಲಿಂಗಪೂಜೆ, ಒಂದು ತಾಸು ನಡಿಗೆ, ಏಳಕ್ಕೆ ಸರಿಯಾಗಿ ಚಹಾ. ಹೆಂಡತಿ ತೀರಿಕೊಂಡ ಮೇಲೆ ಚಹಾ, ಊಟ ಎಲ್ಲ ತಮ್ಮನ ಮನೆಯಲ್ಲಿ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನ ಹೆಂಡತಿ ಮಾತು ಕಡಿಮೆ. ಒಬ್ಬಳೇ ಮಗಳು, ಗೋಕಾಕದಲ್ಲಿ ಶಾಲೆಯ ಶಿಕ್ಷಕಿ. ಆ ಮನೆಯಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಡುವವನು ನಾನು. ಅದನ್ನು ಯಾರೂ ನನಗೆ ವಹಿಸಿರಲಿಲ್ಲ. ಅಭ್ಯಾಸವಾಗಿ ಹೋಗಿತ್ತು.

ಮಾಜಿ ಸೈನಿಕರಿಗೆ ಮಿಲಿಟರಿ ಕ್ಯಾಂಟೀನಿನಲ್ಲಿ ತಿಂಗಳಿಗೆ ಇಷ್ಟು ಬಾಟಲಿ ಎಂದು ಕೋಟಾ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಫೌಜಿಗೆ ಹೋಗಿ ಬಂದವರಿಲ್ಲದ ಓಣಿ ಸಿಗುವುದು ಕಷ್ಟ. ಹೀಗಾಗಿ ಆ ಕಾರ್ಡಿನ ಮಹಿಮೆ ಎಲ್ಲರಿಗೂ ಗೊತ್ತು. ಕುಡಿಯುವ ಮಾಜಿ ಸೈನಿಕನಿಗಿಂತ ಕುಡಿಯದವನಿಗೆ ಗೆಳೆಯರು ಹೆಚ್ಚು. "ಸುಭೇದಾರ್ರ, ನೀವಂತೂ ಮುಟ್ಟಂಗಿಲ್ಲ. ನಿಮ್ಮ ಪಾಲಿಂದು ಟ್ರಂಕಿಗೆ ಕುಡಸ್ತೀರೇನ್ರಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೆಣಕುತ್ತಿದ್ದರು. ನಾನು ಯಾರಿಗೂ ಕೊಡುತ್ತಿರಲಿಲ್ಲ. ಆದರೆ ಕೋಟಾ ಬಿಡುತ್ತಲೂ ಇರಲಿಲ್ಲ. ಕೊಟ್ಟ ಹಕ್ಕನ್ನು ತಪ್ಪದೆ ತೆಗೆದುಕೊಳ್ಳುವುದೂ ಒಂದು ಶಿಸ್ತು ಎಂದು ತಿಳಿದಿದ್ದೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಸಾಬೂನು, ಚಹಾಪುಡಿಯ ಜೊತೆ ರಮ್ ತರುತ್ತಿದ್ದೆ. ಬಾಟಲಿಗಳು ನನ್ನ ಕಪ್ಪು ಟ್ರಂಕಿನಲ್ಲಿ ಕಂಬಳಿಯ ಕೆಳಗೆ ಸಾಲಾಗಿ ಮಲಗಿರುತ್ತಿದ್ದವು.

ಒಂದು ಚಳಿಗಾಲ ತಮ್ಮನಿಗೆ ಸೊಂಟ ಹಿಡಿಯಿತು. ಕಬ್ಬಿಗೆ ನೀರು ಹಾಯಿಸುವ ಪಾಳಿಯಲ್ಲಿ ಕೆಸರಲ್ಲಿ ನಿಂತೂ ನಿಂತೂ ಹಾಗಾಗಿತ್ತು.

"ಅಣ್ಣಾ, ನಡಾ ಜಗ್ಗತೈತಿ. ನಿದ್ದಿ ಹತ್ತವಲ್ದು," ಎಂದ.

ಹಿಮದ ಠಾಣೆಯಲ್ಲಿ ಮೈ ಮರಗಟ್ಟಿದವರಿಗೆ ಬಿಸಿನೀರಿನಲ್ಲಿ ಒಂದು ಮುಚ್ಚಳ ರಮ್ ಹಾಕಿ ಕೊಡುತ್ತಿದ್ದುದನ್ನು ನಾನು ನೋಡಿದ್ದೆ. ಟ್ರಂಕು ತೆಗೆದೆ. ಅವನು ಹಿಂದೆ ಸರಿದ. "ಬ್ಯಾಡೋ ಅಣ್ಣಾ, ಕೊಳ್ಳಾಗ ಲಿಂಗಾ ಐತಿ," ಎಂದ. "ಔಷಧ ಅಂತ ತಗೋ. ಅಳತಿ ನಂದು," ಎಂದೆ ನಾನು.

ಅಳತೆ ನನ್ನದೇ. ಬಾಟಲಿಗೆ ಉದ್ದಕ್ಕೂ ಬಿಳಿ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಬಾಲ್‌ಪೆನ್ನಿನಿಂದ ದಿನಕ್ಕೊಂದು ಗೆರೆ ಎಳೆದೆ. ಪ್ರತಿ ಗೆರೆಯ ಪಕ್ಕ ವಾರದ ಹೆಸರು. ದಿನಕ್ಕೆ ಒಂದು ಗೆರೆ ಇಳಿಯಬೇಕು, ಹೆಚ್ಚಲ್ಲ, ಕಡಿಮೆಯಲ್ಲ. ಶನಿವಾರ ಚಹಾ ಆದ ಮೇಲೆ ತಪಾಸಣೆ. ಬಾಟಲಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸೊಂಟನೋವು ಒಂದೂವರೆ ತಿಂಗಳಿಗೆ ಹೋಯಿತು. ಗೆರೆಗಳು ಹನ್ನೊಂದು ವರ್ಷ ನಡೆದವು. ಒಂದು ಶನಿವಾರವೂ ಲೆಕ್ಕ ತಪ್ಪಲಿಲ್ಲ. ಶಿಸ್ತಿಗೆ ಒಳಪಟ್ಟರೆ ವಿಷವೂ ಕೆಲಸಕ್ಕೆ ಬರುತ್ತದೆ ಎಂದು ನಾನು ಮನಸ್ಸಿನಲ್ಲಿ ಬೀಗುತ್ತಿದ್ದೆ.

ತಮ್ಮನ ಹೆಂಡತಿ ನನಗೆ ಎರಡು ಸಲ ಹೇಳಿದಳು. ಮೊದಲ ಸಲ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದ್ದು.

"ಭಾವಾರ, ಅವರು ಹೊಲದಿಂದ ಸೀದಾ ಮನಿಗೆ ಬರಂಗಿಲ್ರಿ. ರೋಡಿನ ಅಂಗಡಿಗೆ ಹೋಗಿ ಬರತಾರ್ರಿ. ವಾಸನಿ ಬರತೈತ್ರಿ."

ನಾನು ಒಳಗೆ ಹೋಗಿ ಬಾಟಲಿ ತಂದೆ. ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. "ನೋಡವಾ, ಇದು ಶುಕ್ರವಾರದ ಗೆರಿ. ಇವತ್ತ ಯಾವ ವಾರ?"

"ಶುಕ್ರವಾರ್ರಿ."

"ಮತ್ತ?"

ಅವಳು ಗೆರೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಗೆರಿ ಸರಿ ಐತ್ರಿ," ಎಂದು ಹೇಳಿ ಬಟ್ಟೆ ಹಿಂಡಲು ಬಗ್ಗಿದಳು.

ಎರಡನೆಯ ಸಲ ಹೇಳಿದ್ದು ಮೂರು ವರ್ಷ ಬಿಟ್ಟು. ಮುಂಜಾನೆ ಅವರ ಕೈ ನಡುಗುತ್ತವೆ, ಚಹಾದ ಬಸಿ ಹಿಡಿಯಲು ಆಗುವುದಿಲ್ಲ ಎಂದಳು. ಐವತ್ತು ದಾಟಿದ ಮೇಲೆ ವ್ಯಾಯಾಮ ಇಲ್ಲದಿದ್ದರೆ ಹಾಗಾಗುತ್ತದೆ ಎಂದು ನಾನು ಉತ್ತರಿಸಿದೆ. ತಮ್ಮನನ್ನು ನಾಲ್ಕು ದಿನ ನಡಿಗೆಗೆ ಎಬ್ಬಿಸಿಕೊಂಡು ಹೋದೆ. ಐದನೆಯ ದಿನ ಅವನು ಬರಲಿಲ್ಲ. ಆಮೇಲೆ ಅವಳು ನನಗೆ ಏನನ್ನೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ, ಅರಿಶಿನ ಕುದಿಸುವ ದಿನಗಳಲ್ಲಿ ಅವನ ಕಣ್ಣು ಹಳದಿಯಾದವು. ಆ ದಿನಗಳಲ್ಲಿ ನಮ್ಮ ಕಡೆ ಹಳದಿಯಾಗದವರು ಯಾರು? ಹೊಲದಲ್ಲಿ ದೊಡ್ಡ ಕಡಾಯಿಯಲ್ಲಿ ಬೇರು ಕುದಿಯುತ್ತಿರುತ್ತದೆ, ಅಂಗಳದಲ್ಲಿ ಒಣಗುತ್ತಿರುತ್ತದೆ, ಒಣಗಿದ್ದನ್ನು ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಎದ್ದ ಧೂಳು ನಾಯಿಯ ಮೈಮೇಲೂ ಕೂತಿರುತ್ತದೆ. ಅಂಗೈ, ಉಗುರು, ಅಂಗಿ ಎಲ್ಲ ಒಂದೇ ಬಣ್ಣ. ಒಂದು ವಾರ ನಾವು ಯಾರೂ ಗಮನಿಸಲಿಲ್ಲ. ರವಿವಾರ ಮನೆಗೆ ಬಂದ ಮಗಳು ಗಮನಿಸಿದಳು.

"ಅಪ್ಪಾ, ಕಣ್ಣ ಯಾಕ ಹಿಂಗಾಗ್ಯಾವು?"

"ಅರಿಷಿಣ ಕುದಸಾಕತ್ತೀನಲ್ಲವಾ. ಅದರ ಬಣ್ಣ."

"ಅರಿಷಿಣ ಕಣ್ಣಿನ ಒಳಗ ಹೋಗಂಗಿಲ್ಲಪ್ಪಾ," ಎಂದಳು ಅವಳು, ತನ್ನ ಶಾಲೆಯ ಮಕ್ಕಳಿಗೆ ಹೇಳುವಂತೆ.

ಕಾಮಣಿ, ಅಂದರೆ ಕಾಮಾಲೆ ಎಂದು ಎಲ್ಲರಿಗೂ ತಿಳಿಯಿತು. ಕಾಮಣಿಗೆ ನಮ್ಮಲ್ಲಿ ಮೊದಲು ನಾಟಿ ಔಷಧ. ಕಣಗಲಾದ ಕಡೆ ಒಬ್ಬ ಮುದುಕರು ಬೇರು ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ಉಪ್ಪು, ಎಣ್ಣೆ, ಖಾರ ಬಿಟ್ಟು ಮೂರು ವಾರ ಪಥ್ಯ. ಪಥ್ಯದ ಕಟ್ಟುನಿಟ್ಟು ನನಗೆ ಹಿಡಿಸಿತು. ನಾನೇ ಕರೆದುಕೊಂಡು ಹೋದೆ. ಮುದುಕರು ತಮ್ಮನ ರೆಪ್ಪೆ ಎತ್ತಿ ನೋಡಿದರು, ಆಮೇಲೆ ಉಗುರು ಒತ್ತಿ ಬಿಟ್ಟರು. ಬಹಳ ಹೊತ್ತು ಉಗುರನ್ನೇ ನೋಡಿದರು.

"ಹಳದಿಗೆ ನನ್ನ ಹತ್ರ ಔಷಧ ಐತ್ರಿ," ಎಂದರು. "ಆದರ ಇವರು ಹಳದಿ ಒಂದ ಅಲ್ಲ, ಒಳಗ ಬೆಳ್ಳಗಾಗ್ಯಾರ. ರಕ್ತ ಇಲ್ಲ ಮೈಯಾಗ. ಎರಡೂ ಕೂಡಿದ್ದು ನನಗ ತಿಳಿಯಂಗಿಲ್ರಿ. ದವಾಖಾನಿಗೆ ಒಯ್ಯಿರಿ."

ಹಾಗೆ ಮರುದಿನ ಗೋಕಾಕಕ್ಕೆ, ಒಂದು ಖಾಸಗಿ ದವಾಖಾನೆಗೆ ಬಂದೆವು. ನೋಡಿದವರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಎಲ್ಲರೂ ಡಾಕ್ಟರ್ ಬಾಯಾರು ಎನ್ನುತ್ತಿದ್ದರು. ಬಲಪಕ್ಕೆಯ ಕೆಳಗೆ ಒತ್ತಿದಾಗ ತಮ್ಮ ಹಲ್ಲು ಕಚ್ಚಿದ. ಸಣ್ಣಗೆ ಜ್ವರವೂ ಇತ್ತು. ಅಂದೇ ದಾಖಲು ಮಾಡಿಕೊಂಡರು.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಮಗಳಿಗೆ ಹುಕ್ಕೇರಿಯ ಒಂದು ಮನೆತನದಲ್ಲಿ ಮಾತು ನಡೆದಿತ್ತು. ಹುಡುಗ ಬಂದು ನೋಡಿ ಹೋಗಿದ್ದ, ಇಬ್ಬರೂ ಒಪ್ಪಿದ್ದರು. ಹುಡುಗನ ತಂದೆ ಆಚಾರದ ಮನುಷ್ಯ. ಮೊದಲ ಭೇಟಿಯಲ್ಲೇ, "ನಮಗ ಏನೂ ಬ್ಯಾಡ್ರಿ. ಮನ್ಯಾಗ ಕುಡಿತ ಇರಬಾರ್ದು, ಅಷ್ಟ," ಎಂದಿದ್ದರು. "ನಮ್ಮಲ್ಲಿ ಅದರ ಮಾತ ಇಲ್ರಿ," ಎಂದು ನಾನು ಹೇಳಿದ್ದೆ. ಔಷಧದ ಗೆರೆ ನನ್ನ ದೃಷ್ಟಿಯಲ್ಲಿ ಕುಡಿತವಾಗಿರಲಿಲ್ಲ. ಅರಿಶಿನದ ಕೆಲಸ ಮುಗಿದ ಮೇಲೆ ನಿಶ್ಚಿತಾರ್ಥ ಎಂದು ಆಗಿತ್ತು.

ದಾಖಲಾದ ಮರುದಿನ ಮುಂಜಾನೆ ಬೀಗರು ಹುಕ್ಕೇರಿಯಿಂದ ನೋಡಲು ಬಂದರು. ಕೈಯಲ್ಲಿ ಬಾಳೆಹಣ್ಣು, ಒಂದು ಡಬ್ಬಿ ಕರದಂಟು. ಅವರು ಮಂಚದ ಪಕ್ಕ ನಿಂತಿದ್ದಾಗಲೇ ಡಾಕ್ಟರ್ ಬಾಯಾರು ಬಂದರು. ಕಾಗದ ತಿರುವಿ, ತಲೆ ಎತ್ತದೆ ಕೇಳಿದರು: "ಕುಡಿಯೂದು ಏನರೆ ಐತೇನ್ರಿ?"

ತಮ್ಮ ನನ್ನ ಮುಖ ನೋಡಿದ. ಅವನ ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದಳು. ಅವಳೂ ನನ್ನ ಮುಖ ನೋಡಿದಳು.

"ಇಲ್ರಿ," ಎಂದೆ. "ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರಿ."

ತಮ್ಮ ನನ್ನ ಮಾತಿಗೆ ಸರಿಯಾಗಿ ತಲೆ ಅಲ್ಲಾಡಿಸಿದ. ಡಾಕ್ಟರು ಬರೆದುಕೊಂಡರು. ಬೀಗರು, "ಛೆ, ಇವರಿಗೆ ಯಾಕ ಬರಬೇಕಿತ್ತು ಇದು," ಎಂದು ಕರದಂಟಿನ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟರು.

ಬೀಗರು ಅರ್ಧ ತಾಸಿನಲ್ಲಿ ಹೋದರು. ಅವರು ಹೋದ ಮೇಲೆ ಡಾಕ್ಟರರ ಕೋಣೆಗೆ ಹೋಗಿ ಹೇಳಬಹುದಿತ್ತು. ಕೋಣೆ ಹತ್ತು ಹೆಜ್ಜೆ ದೂರ. ಹೋಗಲಿಲ್ಲ. ದಿನಕ್ಕೊಂದು ಗೆರೆಯ ರಮ್ಮಿನಿಂದ ಇಷ್ಟು ಆಗಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ತಮ್ಮನ ಹೆಂಡತಿಯ ಎರಡು ಮಾತುಗಳು ನನಗೆ ನೆನಪಿದ್ದವು. ನೆನಪಿಲ್ಲದೆ ಸುಮ್ಮನಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ಅಂದು ಸಂಜೆಗೆ ತಮ್ಮನ ಕೈ ನಡುಗಲು ಶುರುವಾದವು. ಬೆವರು. ಹಾಸಿಗೆಯ ಅಂಚು ಕೀಳುವುದು. ಗೋಡೆಯ ಕಡೆ ನೋಡಿ, "ಅಣ್ಣಾ, ಅಲ್ಲಿ ಇರವಿ ಹತ್ಯಾವು ನೋಡು," ಎನ್ನುವುದು. ಗೋಡೆಯ ಮೇಲೆ ಇರುವೆ ಇರಲಿಲ್ಲ. ಈ ನಡುಕ ನನಗೆ ಪರಿಚಯದ್ದು. ಬ್ಯಾರಕ್ಕಿನಲ್ಲಿ ಕುಡಿತ ಬಂದ್ ಆದ ವಾರಗಳಲ್ಲಿ ಕೆಲವರಿಗೆ ಹೀಗಾಗುತ್ತಿತ್ತು, ನಾನೇ ಅವರನ್ನು ಆಸ್ಪತ್ರೆಗೆ ಕಳುಹಿಸಿದ್ದೆ. ಮರುದಿನ ಡಾಕ್ಟರು ಬರುವ ಹೊತ್ತಿಗೆ ನಾನು ತಮ್ಮನ ಎರಡೂ ಕೈಗಳನ್ನು ಹೊದಿಕೆಯ ಒಳಗೆ ಸರಿಸಿ, ಅಂಚನ್ನು ಫೌಜಿನ ಹಾಸಿಗೆಯಂತೆ ಗಟ್ಟಿಯಾಗಿ ಮಡಿಸಿಬಿಟ್ಟೆ. "ರಾತ್ರಿ ಹೆಂಗಿದ್ರು?" ಎಂದು ಅವರು ಕೇಳಿದರು. "ಚಲೋ ಇದ್ರು," ಎಂದೆ.

ಆ ಮಡಿಕೆ ಹಾಕಿದ ಕೈಗಳು ಇವೇ. ಈಗ ಬರೆಯುತ್ತಿರುವುದೂ ಇವೇ.

ಡಾಕ್ಟರ್ ಬಾಯಾರು ಕಾರಣ ಹುಡುಕುತ್ತಲೇ ಇದ್ದರು. ಪಿತ್ತದ ನಾಳದಲ್ಲಿ ಹರಳು ಇರಬಹುದೆಂದು ಸ್ಕ್ಯಾನ್ ಮಾಡಿಸಿದರು. ಹರಳಿರಲಿಲ್ಲ, ಲಿವರ್ ಮಾತ್ರ ಕೊಬ್ಬಿನಿಂದ ಊದಿಕೊಂಡಿತ್ತು. ಸೋಂಕಿನ ಕಾಮಾಲೆ ಇರಬಹುದೆಂದು ಪರೀಕ್ಷೆಗೆ ಕಳುಹಿಸಿದರು. ಅದೂ ಅಲ್ಲ. ರಕ್ತ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಎಲ್ಲೂ ಸೋರುತ್ತಿಲ್ಲ, ಮೈಯೊಳಗೇ ಕೆಂಪುಕಣಗಳು ಒಡೆಯುತ್ತಿವೆ ಎಂದರು. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಕೋಣೆಗೆ ಕರೆದು ಒಂದು ಗಾಜಿನ ನಳಿಕೆ ತೋರಿಸಿದರು.

"ನೋಡ್ರಿ ಸುಭೇದಾರ್ರ. ರಕ್ತ ತಗದ ಇಟ್ರ ಕೆಂಪು ಕೆಳಗ ಕುಂದರತೈತಿ, ಮ್ಯಾಲ ತಿಳಿ ನಿಲ್ಲತೈತಿ. ಇವರದರಾಗ ಮ್ಯಾಲ ಏನೈತಿ ನೋಡ್ರಿ."

ಮೇಲೆ ಹಾಲು ನಿಂತಂತಿತ್ತು. ಎಮ್ಮೆಯ ಹಾಲಿನಷ್ಟು ಮಂದ.

"ಇಷ್ಟು ಕೊಬ್ಬು ರಕ್ತದಾಗ ಹೆಂಗ ಬಂತು ಅನ್ನೂದ ನನಗ ತಿಳೀವಲ್ದು. ಮತ್ತೊಮ್ಮೆ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಕುಡಿತ ಖರೇನ ಇಲ್ಲೇನು?"

"ಇಲ್ರಿ."

"ಆತು. ನೀವು ಮಿಲಿಟ್ರಿಯವರು. ನಿಮ್ಮ ಮಾತು ಬಿಟ್ಟು ನಾ ಯಾರ ಮಾತ ನಂಬಲಿ?" ಎಂದು ನಳಿಕೆಯನ್ನು ಕೆಳಗಿಟ್ಟರು. ಮೈ ತನ್ನ ರಕ್ತವನ್ನು ತಾನೇ ಕೊಲ್ಲುತ್ತಿರಬಹುದು, ಹಾಗಿದ್ದರೆ ಅದನ್ನು ಅಡಗಿಸುವ ಭಾರಿ ಔಷಧವನ್ನು ನಾಳೆ ಮುಂಜಾನೆ ಶುರುಮಾಡುತ್ತೇನೆ ಎಂದರು. ಆ ಔಷಧದಿಂದ ಬೇರೆ ತೊಂದರೆಗಳು ಬರಬಹುದು, ಆದರೆ ಬೇರೆ ದಾರಿ ಕಾಣುತ್ತಿಲ್ಲ. ಅಷ್ಟರೊಳಗೆ ರಕ್ತ ಕೊಡಲೇಬೇಕು, ಯಾರಾದರೂ ದಾನ ಮಾಡಿದರೆ ಒಳ್ಳೆಯದು.

ನನ್ನ ವಯಸ್ಸಿಗೆ ರಕ್ತ ತೆಗೆದುಕೊಳ್ಳುವುದಿಲ್ಲ ಎಂದರು. ಮಗಳು ಶಾಲೆಯಿಂದ ಸೀದಾ ಬಂದಳು. ತೋಳಿಗೆ ಇನ್ನೂ ಸೀಮೆಸುಣ್ಣದ ಪುಡಿ ಹತ್ತಿತ್ತು. ಒರಗುವ ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಚೀಲ ನಿಧಾನ ತುಂಬುತ್ತಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು:

"ದೊಡ್ಡಪ್ಪಾ, ನಾ ಕೊಟ್ಟ ರಕ್ತಾನೂ ಅಪ್ಪನ ಮೈಯಾಗ ಹೋಗಿ ಒಡೀತೈತೇನು?"

ಯಾವ ಪ್ರಶ್ನೆಗೂ ನನ್ನಲ್ಲಿ ಉತ್ತರ ಸಿದ್ಧ ಇರುತ್ತಿತ್ತು. ಇದಕ್ಕೂ ಇತ್ತು. ಒಡೆಯುತ್ತದೆ. ಕಾರಣ ಗೊತ್ತಾಗುವ ತನಕ ಅವಳದೂ ಒಡೆಯುತ್ತದೆ. ಆ ಕಾರಣ ಗೊತ್ತಿರುವವನು ಅವಳ ಪಕ್ಕದಲ್ಲೇ ನಿಂತಿದ್ದಾನೆ.

ಆ ಹತ್ತು ಹೆಜ್ಜೆ ಆಗ ನಡೆದೆ. ಡಾಕ್ಟರು ಕೋಣೆಯಲ್ಲಿರಲಿಲ್ಲ, ವಾರ್ಡಿನಲ್ಲಿ ತಮ್ಮನ ಮಂಚದ ಹತ್ತಿರ ಇದ್ದರು. ಫೌಜಿನ 'ಸಾವಧಾನ್' ಭಂಗಿಯಲ್ಲಿ ನೆಟ್ಟಗೆ ನಿಂತು ಹೇಳಿದೆ. "ಡಾಕ್ಟರ್ ಬಾಯಾರ, ನಾ ಸುಳ್ಳು ಹೇಳೀನ್ರಿ. ಕುಡೀತಾನ್ರಿ. ಹನ್ನೊಂದು ವರ್ಷ ಆತು. ಕೊಟ್ಟಾಂವ ನಾನ."

ಅವರು ಬೈಯಲಿಲ್ಲ. ಪೆನ್ನು ತೆಗೆದರು. "ದಿನಕ್ಕ ಎಷ್ಟು?"

ನಾನು ಗೆರೆಯ ವಿಷಯ ಹೇಳಿದೆ. ಕಾಗದದ ಪಟ್ಟಿ, ವಾರದ ಹೆಸರು, ಶನಿವಾರದ ತಪಾಸಣೆ, ಎಲ್ಲ. ಅವರು ಎರಡು ಕ್ಷಣ ನನ್ನನ್ನು ನೋಡಿದರು.

"ನೀವು ಹಾಕಿದ ಗೆರಿ ಇರಲಿ ಸುಭೇದಾರ್ರ. ಅವರು ಕುಡದದ್ದು ಎಷ್ಟು?"

ನನಗೆ ಗೊತ್ತಿರಲಿಲ್ಲ. ಮಂಚದ ಆಚೆಯಿಂದ ಧ್ವನಿ ಬಂತು. "ನಾ ಹೇಳತೀನ್ರಿ," ಎಂದಳು ತಮ್ಮನ ಹೆಂಡತಿ.

ಅವಳು ಎಲ್ಲ ಹೇಳಿದಳು. ಮುಂಜಾನೆ ಹೊಲಕ್ಕೆ ಹೋಗುವಾಗ ಒಂದು ಪಾಕೀಟು, ಸಂಜೆ ರೋಡಿನಲ್ಲಿ ಎರಡು, ಅರಿಶಿನದ ಕೆಲಸ ಶುರುವಾದ ಮೇಲೆ ಲೆಕ್ಕವಿಲ್ಲ. ಊಟ ಬಿಟ್ಟು ಇಪ್ಪತ್ತು ದಿನ. ಕೊನೆಯ ಸಲ ಕುಡಿದದ್ದು ಇಲ್ಲಿಗೆ ಬರುವ ದಿನ ಮುಂಜಾನೆ, ದನದ ಕೊಟ್ಟಿಗೆಯಲ್ಲಿ. ಕೈ ನಡುಗಲು ಶುರುವಾದ ಹೊತ್ತನ್ನೂ ಹೇಳಿದಳು. ಗೋಡೆಯ ಇರುವೆಗಳನ್ನೂ ಹೇಳಿದಳು. ಒಂದು ಪ್ರಶ್ನೆಗೂ ತಡವರಿಸಲಿಲ್ಲ.

"ಇಷ್ಟೆಲ್ಲ ಗೊತ್ತಿತ್ತು, ಮೂರು ದಿನ ಯಾಕ ಸುಮ್ಮನಿದ್ರಿ ಯವ್ವಾ?" ಎಂದರು ಡಾಕ್ಟರು.

"ನನ್ನ ಯಾರ ಕೇಳಿದ್ರಿ?" ಎಂದಳು ಅವಳು.

ಡಾಕ್ಟರು ಹೊದಿಕೆಯ ಮಡಿಕೆ ಬಿಚ್ಚಿ ಅವನ ಕೈ ಹೊರಗೆ ತೆಗೆದರು. ನೋಡಿದರು. ನನ್ನ ಕಡೆ ತಿರುಗಿದರು. "ಒಮ್ಮೆಲೆ ಬಿಟ್ಟಾಗ ಫಿಟ್ಸ್ ಬರತಾವ್ರಿ. ಈ ಮೂರು ದಿನದಾಗ ಜೀವಾನ ಹೋಗಬಹುದಿತ್ತು," ಎಂದರು. ಅಷ್ಟೇ. ದಿನಾ ನಾಲ್ಕೂವರೆಗೆ ಎದ್ದಾಗ ನನಗೆ ಮೊದಲು ಕೇಳಿಸುವುದು ಆ ಮಾತು.

ನಾಳಿನ ಭಾರಿ ಔಷಧದ ಚೀಟಿಯನ್ನು ಅವರು ಅಲ್ಲೇ ಹೊಡೆದು ಹಾಕಿದರು. ನಡುಕಕ್ಕೆ ಇಂಜೆಕ್ಷನ್, ವಿಟಮಿನ್ ಶುರುಮಾಡಿದರು. ಸಂಜೆ ನಮ್ಮನ್ನೆಲ್ಲ ಕೂಡಿಸಿ ತಿಳಿಯುವಂತೆ ಹೇಳಿದರು. ವಿಪರೀತ ಕುಡಿತದಿಂದ ಲಿವರಿನಲ್ಲಿ ಕೊಬ್ಬು ತುಂಬುತ್ತದೆ. ಕೆಲವರಿಗೆ ಆ ಕೊಬ್ಬು ರಕ್ತದಲ್ಲೂ ಏರುತ್ತದೆ, ಕೆಂಪುಕಣಗಳು ಒಡೆಯುತ್ತವೆ. ಕಾಮಾಲೆ, ರಕ್ತಹೀನತೆ, ಹಾಲಿನಂಥ ರಕ್ತ, ಮೂರೂ ಕೂಡಿ ಬಂದರೆ ಅದಕ್ಕೆ ಯಾರೋ ಪರದೇಶದ ಡಾಕ್ಟರ ಹೆಸರಿನ ಒಂದು ಸಿಂಡ್ರೋಮ್ ಇದೆ. "ಪುಸ್ತಕದಾಗ ಓದಿದ್ದೆ. ಕಣ್ಣಲೆ ನೋಡಿದ್ದು ಇದ ಮೊದಲು," ಎಂದರು. "ಔಷಧ ಏನ್ರಿ?" ಎಂದು ಮಗಳು ಕೇಳಿದಳು. "ಬಿಡೂದು. ಒಂದು ಹನಿನೂ ಇಲ್ಲದಂಗ ಬಿಡೂದು. ಬಿಟ್ರ ರಕ್ತ ತಾನ ತಿಳಿ ಆಗತೈತಿ. ಮತ್ತ ಹಿಡದ್ರ ನನ್ನ ಕೈಯಾಗ ಏನೂ ಇಲ್ಲ."

ಹೊರಗೆ ಬಂದಾಗ ಮಗಳು, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಕೇಳಿದಳು: "ನನ್ನ ಲಗ್ನದ ಸಲುವಾಗಿ ಸುಳ್ಳ ಹೇಳಿದ್ರೇನು ದೊಡ್ಡಪ್ಪಾ?"

"ಹೌದವಾ," ಎಂದೆ.

"ನನ್ನ ಹೆಸರ ಮುಂದ ಮಾಡಬ್ಯಾಡ್ರಿ. ನಿಮ್ಮ ಮರ್ಯಾದಿ ಸಲುವಾಗಿ ಹೇಳಿದ್ರಿ," ಎಂದಳು. ಅವಳು ಹೇಳಿದ್ದು ಸರಿ. ಬೀಗರು ಅರ್ಧ ತಾಸಿನಲ್ಲಿ ಹೋಗಿದ್ದರು. ಆಮೇಲಿನ ಒಂದೂವರೆ ದಿನ ನಾನು ಯಾರಿಗಾಗಿ ಸುಮ್ಮನಿದ್ದೆ?

ನಾಲ್ಕು ದಿನಕ್ಕೆ ತಮ್ಮನ ಬುದ್ಧಿ ತಿಳಿಯಾಯಿತು. ನಾನು ಸೇಬು ಹೆಚ್ಚುತ್ತಿದ್ದೆ. "ಅಣ್ಣಾ," ಎಂದ. "ನಿನ್ನ ಬಾಟ್ಲಿ ಮಾತ್ರ ನಾ ಎಂದೂ ಗೆರಿ ದಾಟಿಸಿಲ್ಲ ನೋಡು."

"ಗೊತ್ತೈತಿ," ಎಂದೆ.

"ನಿನ್ನ ಗೆರಿ ಮುಟ್ಟಿದ ಮ್ಯಾಲ ಸಾಕಾಗತಿರಲಿಲ್ಲ. ನಿನಗ ಹೇಳಾಕ ಅಂಜಿಕಿ. ಅದಕ್ಕ ಬ್ಯಾರೆ ಕಡೆ ಹೋದೆ." ಹೊದಿಕೆ ಸರಿಸಿಕೊಂಡು, "ಶನಿವಾರ ನೀ ಬಾಟ್ಲಿ ಬೆಳಕಿಗೆ ಹಿಡದು 'ಶಾಬಾಸ್' ಅಂತಿದ್ದೆಲ್ಲ, ಅದು ಕೇಳಾಕ ಚಲೋ ಅನಸತಿತ್ತು," ಎಂದ.

ಸೇಬಿನ ಹೋಳನ್ನು ಅವನ ಕೈಗೆ ಕೊಡಲು ಆಗಲಿಲ್ಲ. ತಟ್ಟೆಯಲ್ಲಿ ಇಟ್ಟು ಹೊರಗೆ ಬಂದೆ.

ಅವನನ್ನು ಮನೆಗೆ ಕರೆತಂದ ದಿನವೇ ಟ್ರಂಕಿನಲ್ಲಿದ್ದ ಬಾಟಲಿಗಳನ್ನು ಬಚ್ಚಲಿಗೆ ಸುರಿದೆ. ಕ್ಯಾಂಟೀನಿಗೆ ಈಗಲೂ ಹೋಗುತ್ತೇನೆ. ಸಾಬೂನು, ಚಹಾಪುಡಿ ತರುತ್ತೇನೆ.

ಆ ವಾರವೇ ಹುಕ್ಕೇರಿಯ ಬಸ್ ಹತ್ತಿದೆ. ಯಾರಿಗೂ ಹೇಳದೆ ಹೋಗುವ ಪದ್ಧತಿ ನನ್ನದು. ಈ ಸಲ ಮಗಳನ್ನು ಕೇಳಿಕೊಂಡು ಹೋದೆ. "ಹೋಗ್ರಿ. ಇದ್ದದ್ದು ಇದ್ದಂಗ ಹೇಳಿ ಬರ್ರಿ," ಎಂದಿದ್ದಳು. ಬೀಗರ ಮನೆಯಲ್ಲಿ ಚಹಾ ಬರುವ ಮೊದಲೇ ಎಲ್ಲ ಹೇಳಿದೆ. ಟ್ರಂಕು, ಗೆರೆ, ಅವರ ಎದುರಿನಲ್ಲಿ ಆಡಿದ ಸುಳ್ಳು. ಅವರು ತಲೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು.

"ಸುಭೇದಾರ್ರ," ಎಂದರು ಕೊನೆಗೆ. "ಕುಡದ ಮನಷ್ಯಾ ಬಿಟ್ಟಾನು. ಅದಕ್ಕ ನಾ ಕಾಯತಿದ್ದೆ. ಆದರ ನೀವು ನನ್ನ ಎದರಿಗೆ ನಿಂತು, ಮಂಚದ ಮ್ಯಾಲ ತಮ್ಮ ಸಾಯಾಕ ಬಿದ್ದಾಗ, ಕಣ್ಣ ಪಿಳಿಕಿಸದಂಗ ಹೇಳಿದ್ರಿ. ನಿಮ್ಮ ಮನಿ ಮಾತು ಇನ್ನ ಮ್ಯಾಲ ನಾ ಹೆಂಗ ನಂಬಲ್ರಿ?"

ಚಹಾ ಬಂತು. ಕುಡಿದೆ. ಬಸ್ ಸ್ಟ್ಯಾಂಡಿನ ತನಕ ಅವರೇ ಬಂದು ಬಿಟ್ಟುಹೋದರು. ಆ ಮಾತು ಅಲ್ಲಿಗೆ ಮುಗಿಯಿತು. ಮಗಳು ಅದರ ಬಗ್ಗೆ ನನ್ನೊಡನೆ ಮಾತಾಡಿಲ್ಲ. ಹುಡುಗನೊಡನೆ ಫೋನಿನಲ್ಲಿ ಮಾತಾಡಿದಳೋ ಇಲ್ಲವೋ, ನಾನು ಕೇಳಿಲ್ಲ. ರವಿವಾರ ಮನೆಗೆ ಬಂದಾಗ ನನಗೆ ಚಹಾ ಕೊಡುತ್ತಾಳೆ. ಮೊದಲು ಕೊಡುವಾಗ "ದೊಡ್ಡಪ್ಪಾ, ಏಳು ಹೊಡೀತು, ಹಾಜರಿ!" ಎಂದು ಚೇಷ್ಟೆ ಮಾಡುತ್ತಿದ್ದಳು. ಈಗ ಮಾಡುವುದಿಲ್ಲ.

ತಮ್ಮನ ಹಳದಿ ಒಂದೂವರೆ ತಿಂಗಳಲ್ಲಿ ಇಳಿಯಿತು. ರಕ್ತ ಏರಿತು. ಮೊದಮೊದಲು ತಿಂಗಳಿಗೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ ಗೋಕಾಕಕ್ಕೆ ತೋರಿಸಲು ಹೋಗುತ್ತೇವೆ. ಬಸ್ಸಿನ ವೇಳೆ, ಚೀಟಿ, ಫೈಲು, ಇವು ನನ್ನ ಕೆಲಸ. ಡಾಕ್ಟರರ ಕೋಣೆಯಲ್ಲಿ ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ. ಕುರ್ಚಿಗಳಲ್ಲಿ ಅವರಿಬ್ಬರು ಕೂರುತ್ತಾರೆ.

ಕಳೆದ ಸಲ ಹೋದಾಗ ತಮ್ಮ ನೋಡಲು ಚೆನ್ನಾಗಿದ್ದ. ಕೆನ್ನೆ ತುಂಬಿತ್ತು. ಬಸ್ಸಿನಲ್ಲಿ ಜೋರಾಗಿ ನಗುತ್ತ ಬಂದಿದ್ದ. ಡಾಕ್ಟರ್ ಬಾಯಾರು ಎಂದಿನಂತೆ ಕೇಳಿದರು: "ಏನರೆ ತಗೊಂಡಾರೇನ್ರಿ ನಡುವ?"

ನನ್ನ ಬಾಯಲ್ಲಿ "ಇಲ್ರಿ" ಬಂದು ನಿಂತಿತ್ತು. ನನಗೆ ಖಾತ್ರಿಯಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಅವನ ಎದುರು ಕೂತು ಚಹಾ ಕುಡಿಯುವವನು ನಾನು. ಆದರೂ ಬಾಯಿ ಮುಚ್ಚಿಕೊಂಡು ತಮ್ಮನ ಹೆಂಡತಿಯ ಕಡೆ ನೋಡಿದೆ. ಡಾಕ್ಟರರೂ ಅವಳನ್ನೇ ನೋಡುತ್ತಿದ್ದರು.

ಅವಳು ಗಂಡನ ಮುಖ ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ.

"ಒಮ್ಮೆ ತಗೊಂಡಾರ್ರಿ," ಎಂದಳು. "ಕಬ್ಬು ಸಾಗಿಸಿದ ದಿನ. ಅರ್ಧ ಗ್ಲಾಸು. ಅವರ ಬಂದು ಹೇಳಿದ್ರು ನನಗ. ಮರದಿನದಿಂದ ಇಲ್ರಿ."

ಡಾಕ್ಟರು ಬರೆದುಕೊಂಡರು. ಬೈಯಲಿಲ್ಲ. "ಹೇಳಿದ್ದು ಚಲೋ ಆತು. ರಕ್ತ ಕೊಟ್ಟು ಹೋಗ್ರಿ, ನೋಡೂಣು," ಎಂದರು.

ನಾವು ಮೂವರೂ ರಕ್ತ ತೆಗೆಯುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಕಿಟಕಿಯ ಒಳಗೆ, ಅವನ ನಳಿಕೆಯನ್ನು ಬೇರೆಯವರ ನಳಿಕೆಗಳ ಸಾಲಿನಲ್ಲಿ ನಿಲ್ಲಿಸಿದ್ದು ಕಾಣುತ್ತಿತ್ತು. ಕೆಂಪು ಇನ್ನೂ ಕೆಳಗೆ ಇಳಿದಿರಲಿಲ್ಲ. ಮೇಲೆ ತಿಳಿ ನಿಲ್ಲುತ್ತದೋ ಹಾಲು ನಿಲ್ಲುತ್ತದೋ ನೋಡಬೇಕೆಂದು ನಾನು ಕಾಯುತ್ತ ಕೂತೆ. ಮೂಡಲಗಿಯ ಬಸ್ ಹೊರಟು ಹೋಯಿತು. ನನ್ನ ಜೀವನದಲ್ಲಿ ನಾನಾಗಿ ತಪ್ಪಿಸಿಕೊಂಡ ಮೊದಲ ಬಸ್ ಅದು.